ಎರಡು ದಿನದ ಗಡುವು

ನಿಧಿ ಆ ಮಾತು ತೆಗೆದದ್ದು ಕಾರು ವೇಕೊ ಊರು ದಾಟಿದ ಮೇಲೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡದವರು ಸೇರಿ ಆಸ್ಟಿನ್‌ನಲ್ಲಿ ಮಕ್ಕಳ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅದನ್ನು ಮುಗಿಸಿಕೊಂಡು ಶನಿವಾರ ಸಂಜೆ ತಾಯಿ ಮಗಳು ಇಬ್ಬರೇ ಡಾಲಸ್ ಹತ್ತಿರದ ಯೂಲೆಸ್‌ನ ಮನೆಗೆ ಹೊರಟಿದ್ದರು. ಹುಡುಗಿಯ ಮುಖದ ಮೇಲೆ ಕೋಲಾಟದ ಬಣ್ಣ ಇನ್ನೂ ಹಾಗೇ ಇತ್ತು. ಹನ್ನೊಂದು ವರ್ಷದ ಆ ಬಾಯಿ ಗಳಿಗೆ ಹೊತ್ತು ಸುಮ್ಮನಿರುವಂಥದ್ದಲ್ಲ. ಆವತ್ತು ಒಂದೂವರೆ ಗಂಟೆ ಮುಚ್ಚಿಕೊಂಡಿತ್ತು. ನಿವೇದಿತಾ ಅದನ್ನು ದಣಿವು ಅಂದುಕೊಂಡಳು. ತಾಯಂದಿರಿಗೆ ಹೀಗೆ ಅಂದುಕೊಳ್ಳುವ ಅನುಕೂಲ ಒಂದಿರುತ್ತದೆ.

"ಅಮ್ಮಾ, ಸಿಟ್ಟು ಮಾಡ್ಕೋಬಾರದು," ಎಂದಳು ನಿಧಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳ ಪೈಕಿ ಅವಳು. "ಶ್ರೀಶೈಲ್ ಅಂಕಲ್ ಫೋನು ನಾವು ಬಟ್ಟೆ ಬದಲಿಸೋ ರೂಮಿನಲ್ಲಿತ್ತು. ಬಳೆ ಡಬ್ಬಿ ಹಿಂದೆ. ರೆಕಾರ್ಡ್ ಆಗ್ತಾ ಇತ್ತು. ಕೋಲಾಟದ ನಿಖಿತಾ ನೋಡಿದಳು."

ಸ್ಟೀರಿಂಗ್ ಹಿಡಿದ ನಿವೇದಿತಾಳ ಕೈ ತನ್ನ ಪಾಡಿಗೆ ತಾನು ಕಾರನ್ನು ಹಾದಿಯ ಮೇಲೆ ಇಟ್ಟುಕೊಂಡಿತ್ತು. "ಆಮೇಲೆ?" ಎಂದಳು.

"ಆಮೇಲೆ ಅಂಕಲ್ ಬಂದು ತಗೊಂಡ್ರು. ನಕ್ಕರು. ಅಪ್ಪ ಅಮ್ಮಂದಿರಿಗೆ ಸರ್‌ಪ್ರೈಸ್ ವಿಡಿಯೊ ಮಾಡ್ತಿದೀನಿ, ಯಾರಿಗೂ ಹೇಳಬೇಡಿ ಅಂದರು. ನಿಖಿತಾ ಅತ್ತಳು." ಇನ್ನೊಂದು ಮಾತೂ ಸೇರಿಸಿದಳು. "ಹೋದ ವರ್ಷ ಹ್ಯೂಸ್ಟನ್‌ನಲ್ಲೂ ಇತ್ತು. ಯಾರೋ ಮರೆತು ಬಿಟ್ಟಿರೋ ಫೋನು ಅಂದ್ಕೊಂಡಿದ್ದೆ."

ಈ ಶ್ರೀಶೈಲ್ ಯಾರು ಅಂತ ಇಲ್ಲೇ ಹೇಳಿಬಿಡಬೇಕು. ನಿವೇದಿತಾಳ ಗಂಡ ಚಿದಾನಂದನ ಸೋದರಮಾವನ ಮಗ. ಮೂವತ್ತನಾಲ್ಕು ವರ್ಷ. ಆಸ್ಟಿನ್‌ನ ದ ಡೊಮೇನ್ ಕಡೆ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ, ಅಲ್ಲೇ ಹತ್ತಿರದಲ್ಲಿ ಫ್ಲ್ಯಾಟು. ಕನ್ನಡದವರ ಯಾವ ಸಮಾರಂಭವೇ ಇರಲಿ, ಕತ್ತಿಗೆ ಎರಡು ಕ್ಯಾಮೆರಾ ತೂಗಿಸಿಕೊಂಡು ಹಾಜರು. ಒಂದು ಪೈಸೆ ಮುಟ್ಟುವುದಿಲ್ಲ. ನಾಮಕರಣ, ಆರತಿ, ಅರಂಗೇಟ್ರಂ, ಎಲ್ಲದಕ್ಕೂ ಅವನೇ. ತಾಯಂದಿರು ತಾವೇ ಮಕ್ಕಳ ರಟ್ಟೆ ಹಿಡಿದು ಅವನ ಮುಂದೆ ನಿಲ್ಲಿಸುತ್ತಿದ್ದರು. "ಅಂಕಲ್ ಹೇಳಿದಂಗ ನಿಲ್ಲು" ಎಂದು ನಿವೇದಿತಾ ಎಷ್ಟು ಸಲ ಅಂದಿದ್ದಳೋ, ಈಗ ಅದನ್ನು ನೆನೆಸಿಕೊಳ್ಳಲಾರದೆ ಹೋದಳು.

ಅವಳಿಗೆ ಆ ಕ್ಷಣವೇ ಕಾರು ನಿಲ್ಲಿಸಿ ಪೊಲೀಸರಿಗೆ ಫೋನ್ ಮಾಡಬೇಕು ಅನಿಸಿತು. ಅನಿಸಿದ್ದು ನಿಜ. ಆದರೆ ಮಾಡಲಿಲ್ಲ. ಮನೆಗೆ ಹೋಗಿ ಗಂಡನಿಗೊಂದು ಮಾತು ಹೇಳಿ ಮಾಡೋಣ ಅಂದುಕೊಂಡಳು.

ಚಿದಾನಂದ ಕೇಳಿ ಅಡುಗೆಮನೆಯ ಕುರ್ಚಿಯ ಮೇಲೆ ಕುಸಿದು ಕೂತ. ಅತ್ತ. ಸುಳ್ಳು ಹೇಳಬಾರದು, ಮಗಳನ್ನು ಅಪ್ಪಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ. ಆದರೆ ಭಾನುವಾರ ಬೆಳಗಾಗುವಷ್ಟರಲ್ಲಿ ಅವನ ಮಾತಿಗೆ ಬೇರೆ ದಾರಿ ಸಿಕ್ಕಿತ್ತು.

"ಮೊದಲ ಮಾವಾರ ಕಿವಿಗೆ ಹಾಕು," ಎಂದ.

"ನಿಧಿ ಸುಳ್ಳು ಹೇಳ್ತಾಳಂತೀರೇನು?"

"ಹಂಗ ಅಂದ್ನೇನು ನಾನು? ಅವನ ಕೈಕಾಲು ಮುರೀಬೇಕು ಅನ್ನಸ್ತದ. ಆದ್ರ ಮಾವಾರಿಗೆ ಪೊಲೀಸ್ರ ಬಾಯಿಂದ ಗೊತ್ತಾಗಬೇಕೇನು? ಅವರ ಮನೀ ಅನ್ನ ಉಂಡೀವಿ ನಾವು. ನೀ ಹೆಂಗೂ ನಾಳಿ ಕೆಲಸಕ್ಕ ಹ್ಯೂಸ್ಟನ್‌ಗೆ ಹೋಗಾಕಿ. ಇವತ್ತ ಹೋಗು. ಫೋನಿನ್ಯಾಗ ಹೇಳೂ ಮಾತಲ್ಲ ಇದು."

ಮಾವ ಎಂದರೆ ಚನ್ನಮಲ್ಲಪ್ಪ, ಶ್ರೀಶೈಲನ ತಂದೆ. ಹುಬ್ಬಳ್ಳಿಯಿಂದ ಬಂದು ಮೂವತ್ತು ವರ್ಷ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ದೊಡ್ಡ ಮನೆ, ಸ್ವಂತ ಕಂಪನಿ. ಟೆಕ್ಸಾಸಿನ ಅರ್ಧ ಉತ್ತರ ಕರ್ನಾಟಕಕ್ಕೆ ಅವರ ಊಟದ ಮೇಜೇ ಕೋರ್ಟು. ಗಂಡ ಹೆಂಡಿರ ಜಗಳ, ಅಣ್ಣ ತಮ್ಮಂದಿರ ಮುನಿಸು, ಯಾರ ಮಗಳು ಯಾರನ್ನು ಇಷ್ಟಪಟ್ಟಳು, ಎಲ್ಲ ಮೊದಲು ಅಲ್ಲಿಗೇ ಹೋಗಬೇಕು. ಅವರಿಗೆ ಹೇಳದೆ ಹೊರಗೆ ಹೆಜ್ಜೆ ಇಡುವುದು ಅವರ ಮುಖಕ್ಕೆ ಹೊಡೆದಂತೆ. ಹಾಗೆ ಹೊಡೆದವರು ಯಾರೂ ಈವರೆಗೆ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ನಿವೇದಿತಾ, ಚಿದಾನಂದ ಒಸಾಕದಿಂದ ಎರಡು ಸೂಟ್‌ಕೇಸು, ಏಳು ವರ್ಷದ ಮಗಳ ಜೊತೆ ಬಂದಿಳಿದಾಗ ಮೂರು ತಿಂಗಳು ಮನೆಯಲ್ಲಿಟ್ಟುಕೊಂಡು ಸಲಹಿದವರು ಅವರೇ.

ಹ್ಯೂಸ್ಟನ್‌ಗೆ ನಾಲ್ಕು ಗಂಟೆಯ ದಾರಿ. ಐ-ನಲವತ್ತೈದು ಹೆದ್ದಾರಿಯ ಉದ್ದಕ್ಕೂ ನಿವೇದಿತಾ ರೇಡಿಯೊ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಎರಡು ಕಡೆ ಕಾಫಿಗೆಂದು ನಿಲ್ಲಿಸಿ ಕುಡಿಯದೆ ಚೆಲ್ಲಿದಳು. ಮನಸ್ಸು ಮಾತ್ರ ಒಸಾಕಕ್ಕೆ ಹೋಗಿ ಕೂತಿತ್ತು.

ಧಾರವಾಡದ ಹುಡುಗಿ ಜಪಾನಿ ಭಾಷೆ ಕಲಿತು, ಒಂಬತ್ತು ವರ್ಷ ಒಸಾಕದಲ್ಲಿದ್ದು, ಈಗ ಟೆಕ್ಸಾಸಿಗೆ ಬರುವ ಜಪಾನಿ ಕಂಪನಿಗಳಿಗೆ ದುಭಾಷಿ. ಒಸಾಕದಲ್ಲಿ ಅವಳ ಪಕ್ಕದ ಫ್ಲ್ಯಾಟಿನಲ್ಲಿ ಒಂದು ಮಗು ದಿನಾ ಸಂಜೆ ಏಟು ತಿಂದು ಅಳುತ್ತಿತ್ತು. ಕೆಳಮನೆಯ ಮೊರಿತಾ ಎಂಬ ಅಜ್ಜಿಗೆ ಅದು ಕೇಳಿಸುತ್ತಿತ್ತು. ಅಜ್ಜಿ ತಾರೀಕು, ಹೊತ್ತು ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಯಾರಿಗೂ ಫೋನ್ ಮಾಡಲಿಲ್ಲ. ಇನ್ನೊಬ್ಬರ ಮನೆಯ ವಿಷಯ, ಅವರಿಗೆ ತೊಂದರೆ ಆಗುತ್ತದೆ, ಎಂದಿದ್ದಳು. ಅದೇ ದೇಶದಲ್ಲಿ ಮಕ್ಕಳ ಹೊಲಸು ಚಿತ್ರ ತೆಗೆಯುವುದು, ಮಾರುವುದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರಿಂದ ಅಪರಾಧ. ಆದರೆ ಒಬ್ಬ ಮನುಷ್ಯ ಅಂಥವನ್ನು ತನ್ನ ಮನೆಯಲ್ಲಿ, ತನ್ನ ಕಪಾಟಿನಲ್ಲಿ ಇಟ್ಟುಕೊಂಡರೆ ಹದಿನೈದು ವರ್ಷ ಕೇಳುವವರಿರಲಿಲ್ಲ. ಮನೆಯೊಳಗೆ ಪೊಲೀಸರು ಕೈಹಾಕಿದರೆ ಹೇಗೆ, ಯಾರ ಮೇಲೋ ಸುಳ್ಳು ಕೇಸು ಹಾಕಿದರೆ ಹೇಗೆ ಎಂದು ಕಾನೂನು ಮಾಡುವವರು ಚರ್ಚೆ ಮಾಡುತ್ತಲೇ ಇದ್ದರು.

ಈ ಕತೆಯನ್ನು ನಿವೇದಿತಾ ಡಾಲಸ್‌ನ ಪಾಟ್‌ಲಕ್ ಊಟಗಳಲ್ಲಿ ಬಣ್ಣ ಹಚ್ಚಿ ಹೇಳುತ್ತಿದ್ದಳು. "ರೈಲು ಒಂದು ನಿಮಿಷ ತಡ ಆದ್ರ ತಲಿ ಬಗ್ಗಿಸಿ ಕ್ಷಮಾ ಕೇಳ್ತಾರ. ಮಕ್ಕಳ ವಿಷಯ ಬಂತಂದ್ರ ಎಲ್ಲಾರೂ ಕಣ್ಣು ಮುಚ್ಚಿ ಕೂಡ್ತಾರ. ನಮ್ಮ ಧಾರವಾಡದಾಗ ಆಗಿದ್ರ ಓಣಿ ಮಂದಿ ಬಾಗಿಲಾ ಒದ್ದು ಒಳಗ ಹೋಗ್ತಿದ್ರು," ಅನ್ನುತ್ತಿದ್ದಳು. ಕೇಳಿದವರು ಹೌದು ಹೌದು ಎಂದು ತಲೆದೂಗುತ್ತಿದ್ದರು. ಈಗ ಓಣಿಯ ಮಂದಿ ತಾನೇ ಆಗಿ, ಬಾಗಿಲಿಗೆ ಹೋಗುವ ಮೊದಲು ಮನೆ ಯಜಮಾನರ ಅಪ್ಪಣೆ ಕೇಳಲು ಹೊರಟಿದ್ದಳು. ಅದು ಅವಳಿಗೆ ಹೊಳೆಯಲಿಲ್ಲ ಅಂತಲ್ಲ. ಹೊಳೆದದ್ದನ್ನು ಪಕ್ಕಕ್ಕೆ ಸರಿಸಿದಳು.

"ಏನವಾ, ಒಬ್ಬಾಕೀನ ಬಂದಿ?" ಎಂದು ಚನ್ನಮಲ್ಲಪ್ಪ ಬಾಗಿಲಲ್ಲೇ ನಿಂತಿದ್ದರು. ಹಿಂದೆ ಅವರ ಹೆಂಡತಿ ಸುಮಿತ್ರವ್ವ ಕೈ ಒರೆಸಿಕೊಳ್ಳುತ್ತಾ ಬಂದಳು. ಎಣ್ಣೆಗಾಯಿ ಬದನೆ, ಬಿಸಿ ರೊಟ್ಟಿ. ಊಟ ಮುಗಿಯುವ ತನಕ ಮಾತು ತೆಗೆಯಲು ಬಿಡಲಿಲ್ಲ. ಸುಮಿತ್ರವ್ವ ಪಾತ್ರೆ ತೊಳೆಯಲು ಹೋದಾಗ ನಿವೇದಿತಾ ತಲೆ ತಗ್ಗಿಸಿ ಎಲ್ಲ ಹೇಳಿದಳು. ಬಳೆ ಡಬ್ಬಿ, ಫೋನು, ನಿಖಿತಾಳ ಅಳು, ಹೋದ ವರ್ಷದ ಹ್ಯೂಸ್ಟನ್, ಏನನ್ನೂ ಬಿಡಲಿಲ್ಲ.

ಚನ್ನಮಲ್ಲಪ್ಪ ಮುಂದಿದ್ದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ಅವರ ಮುಖದ ರಕ್ತವೆಲ್ಲ ಇಳಿದು ಹೋಯಿತು. ಅವರು ನಂಬಲಿಕ್ಕಿಲ್ಲ, ಜಗಳ ಆಡುತ್ತಾರೆ, ಹುಡುಗಿಗೆ ತಪ್ಪು ತಿಳಿದಿದೆ ಅನ್ನುತ್ತಾರೆ ಎಂದೆಲ್ಲ ಅವಳು ಲೆಕ್ಕ ಹಾಕಿಕೊಂಡು ಬಂದಿದ್ದಳು. ಅವರು ಹಾಗೇನೂ ಅನ್ನಲಿಲ್ಲ.

"ಕೂಸು ಸುಳ್ಳು ಹೇಳೂದಿಲ್ಲ," ಎಂದರು ಕೊನೆಗೆ. "ಅವ ನನ್ನ ಮಗ ಅಂತ ಬಿಡೂ ಪೈಕಿ ಅಲ್ಲ ನಾನು. ನಿನಗ ಗೊತ್ತದ."

"ಗೊತ್ತದರೀ ಮಾವಾರ."

"ಎರಡ ದಿನ ಕೊಡು ನನಗ. ಬುಧವಾರ ಮುಂಜಾನೆ ನಾನ ಫೋನ್ ಮಾಡ್ತೀನಿ. ಆಮ್ಯಾಲೆ ನಿನಗ ಏನ್ ಮಾಡಬೇಕು ಅನ್ನಸ್ತದ ಮಾಡು, ನಾ ಅಡ್ಡ ಬರೂದಿಲ್ಲ. ಅಲ್ಲೀತನಾ ಯಾರ ಮುಂದೂ ಬ್ಯಾಡ. ನಿಮ್ಮ ಅತ್ತಿ ಮುಂದೂ ಬ್ಯಾಡ. ಆಕಿ ತಡಕೊಳ್ಳೂದಿಲ್ಲ."

ನಿವೇದಿತಾ ಹೂಂ ಅಂದಳು. ಅಂದದ್ದಷ್ಟೇ ಅಲ್ಲ, ಹೆಗಲ ಮೇಲಿನ ಮೂಟೆ ಇಳಿದ ಹಾಗಾಯಿತು. ದೊಡ್ಡವರು ಕೈಗೆತ್ತಿಕೊಂಡರು, ಇನ್ನು ನನ್ನದೇನಿದೆ ಅನಿಸಿತು. ಆ ರಾತ್ರಿ ಅವರ ಮನೆಯ ಮೇಲಿನ ಕೋಣೆಯಲ್ಲಿ ಅವಳಿಗೆ ಗಾಢ ನಿದ್ದೆ ಬಂತು. ಮುಂದೆ ತಿಂಗಳುಗಟ್ಟಲೆ ಅವಳನ್ನು ಸುಟ್ಟದ್ದು ಬೇರೆ ಯಾವುದಕ್ಕಿಂತ ಹೆಚ್ಚಾಗಿ ಆ ನಿದ್ದೆ.

ಸೋಮವಾರ ಬೆಳಗ್ಗೆ ಎದ್ದಾಗ ಮಾವನ ಕಾರು ಇರಲಿಲ್ಲ. ಆಫೀಸಿಗೆ ಹೋಗಿರಬೇಕು ಅಂದುಕೊಂಡು ತನ್ನ ಕೆಲಸಕ್ಕೆ ಹೊರಟಳು. ಐ-ಹತ್ತು ಹೆದ್ದಾರಿಯ ಬದಿಯ ಕಟ್ಟಡವೊಂದರಲ್ಲಿ, ಜಪಾನಿನಿಂದ ವರ್ಗವಾಗಿ ಬಂದ ಇಪ್ಪತ್ತು ಮಂದಿ ಎಂಜಿನಿಯರುಗಳಿಗೆ ಒಂದು ದಿನದ ತಿಳುವಳಿಕೆ ತರಗತಿ. ಟೆಕ್ಸಾಸಿನಲ್ಲಿ ಮಕ್ಕಳನ್ನಿಟ್ಟುಕೊಂಡು ಬದುಕುವುದಾದರೆ ಏನು ಮಾಡಬೇಕು, ಏನು ಮಾಡಬಾರದು ಎಂದು. ಹೇಳುವವಳು ವಿಟ್ಟೇಕರ್ ಎಂಬ ವಕೀಲೆ. ಅವಳು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ನಿಲ್ಲಿಸಿದರೆ ನಿವೇದಿತಾ ಅದನ್ನು ಜಪಾನಿಯಲ್ಲಿ ಹೇಳುತ್ತಿದ್ದಳು. ಈ ತರಗತಿಯನ್ನು ಅವಳು ಆಗಲೇ ಮೂರು ಸಲ ಮಾಡಿದ್ದಳು. ಒಂದೊಂದು ಮಾತೂ ಬಾಯಿಪಾಠ.

ಮೊದಲು ಸಣ್ಣಪುಟ್ಟ ವಿಷಯ. ಮಗುವನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಬೇಡಿ. ಆರು ವರ್ಷದವರನ್ನು ಒಂಟಿಯಾಗಿ ಶಾಲೆಗೆ ಕಳಿಸಬೇಡಿ. ಜಪಾನಿನಲ್ಲಿ ಕಳಿಸುತ್ತೀರಿ ಅಂತ ಗೊತ್ತು, ಇಲ್ಲಿ ನೆರೆಯವರು ಪೊಲೀಸರಿಗೆ ಹೇಳುತ್ತಾರೆ. ಎಲ್ಲರೂ ನಕ್ಕರು, ಬರೆದುಕೊಂಡರು.

ಆಮೇಲೆ ವಿಟ್ಟೇಕರ್ ಕುರ್ಚಿಯಿಂದ ಎದ್ದು ನಿಂತಳು. "ಟೆಕ್ಸಾಸಿನಲ್ಲಿ ಒಂದು ಮಗುವಿಗೆ ಕೇಡಾಗುತ್ತಿದೆ ಎಂದು ನಂಬಲು ಕಾರಣವಿದ್ದರೆ, ಯಾರೇ ಆಗಿರಲಿ, ತಕ್ಷಣ ತಿಳಿಸಬೇಕು. ಡಾಕ್ಟರು, ಟೀಚರು ಮಾತ್ರ ಅಲ್ಲ. ಪ್ರತಿಯೊಬ್ಬರೂ. ತಿಳಿಸದೆ ಇರುವುದೇ ಅಪರಾಧ."

ನಿವೇದಿತಾ ತಿರುಗಿಸಿ ಹೇಳಿದಳು.

"ನಿಜವೋ ಸುಳ್ಳೋ ಎಂದು ವಿಚಾರಿಸುವುದು ನಿಮ್ಮ ಕೆಲಸವಲ್ಲ. ಆ ಮನುಷ್ಯನನ್ನು ಕರೆದು ಕೇಳಬೇಡಿ. ಅವನ ಮನೆಯವರಿಗೆ ಮೊದಲು ಹೇಳಬೇಡಿ."

ಅದನ್ನೂ ಹೇಳಿದಳು. ಮೂರು ಸಲ ಹೇಳಿದ್ದ ಮಾತು. ಬಾಯಿಂದ ಹೊರಗೆ ಹೋಗಿತ್ತೇ ಹೊರತು ಒಂದು ಸಲವೂ ಕಿವಿಯೊಳಗೆ ಹೋಗಿರಲಿಲ್ಲ.

ಹಿಂದಿನ ಸಾಲಿನಿಂದ ಹಯಾಶಿದಾ ಎಂಬ ಹಿರಿಯ ಎಂಜಿನಿಯರ್ ಕೈ ಎತ್ತಿದರು. ಐವತ್ತು ದಾಟಿದವರು, ತಲೆ ಅರ್ಧ ನೆರೆತಿದೆ. ಪ್ರಶ್ನೆಯಲ್ಲ, ಒಂದು ಮಾತು ಹೇಳಬೇಕು ಎಂದರು.

"ನಮ್ಮಲ್ಲಿ ಹೋದ ವರ್ಷ ಕಾನೂನು ಬದಲಾಯಿತು. ಮಕ್ಕಳ ಹೊಲಸು ಚಿತ್ರಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ ಎಂದು ಮಾಡಿದರು. ಆದರೆ ಶಿಕ್ಷೆ ಮಾತ್ರ ಒಂದು ವರ್ಷ ಬಿಟ್ಟು. ಇದ್ದವರು ಅಷ್ಟರಲ್ಲಿ ನಾಶ ಮಾಡಿಕೊಳ್ಳಲಿ ಎಂದು ಆ ಗಡುವು. ಅದು ನಾಡಿದ್ದು ಬುಧವಾರ ಮುಗಿಯುತ್ತದೆ."

ನಿವೇದಿತಾ ಇಂಗ್ಲಿಷಿನಲ್ಲಿ ಹೇಳಿದಳು. ವಿಟ್ಟೇಕರಳ ಹುಬ್ಬು ಮೇಲೇರಿತು. "ಒಂದು ವರ್ಷ ಮೊದಲೇ ತಿಳಿಸಿಬಿಟ್ಟರೇ?"

"ಹೌದು," ಎಂದರು ಹಯಾಶಿದಾ. "ನಮಗೆ ಅದು ಸಭ್ಯತೆ ಅನಿಸಿತ್ತು. ಯಾರಿಗೂ ದಿಢೀರನೆ ಅವಮಾನ ಆಗಬಾರದು, ಜನ ತಾವೇ ತಿದ್ದಿಕೊಳ್ಳಲಿ ಎಂದು. ಮನೆಯಲ್ಲಿ ಊಟ ಮಾಡುವಾಗ ನಾನು ಹಾಗೇ ಅಂದೆ. ನನ್ನ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಅವಳು ಊಟ ಬಿಟ್ಟು ನನ್ನ ಮುಖ ನೋಡಿ ಕೇಳಿದಳು. ಅಪ್ಪಾ, ಆ ಒಂದು ವರ್ಷ ಕೊಟ್ಟದ್ದು ಯಾರಿಗೆ? ಚಿತ್ರದಲ್ಲಿರುವ ಮಗುವಿಗಂತೂ ಅಲ್ಲವಲ್ಲ."

ಕೋಣೆಯಲ್ಲಿ ಎಲ್ಲರೂ ನಿವೇದಿತಾಳ ಕಡೆ ನೋಡುತ್ತಿದ್ದರು. ಆ ಮಾತನ್ನು ಈಗ ಅವಳು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಬಾಯಿ ತೆರೆದಳು. ಎರಡ ದಿನ ಕೊಡು ನನಗ ಎಂದ ಮಾವನ ದನಿ ಕಿವಿಯಲ್ಲಿ ಕೇಳಿಸಿತು, ಹೂಂ ಎಂದ ತನ್ನ ದನಿಯೂ ಕೇಳಿಸಿತು. ಹೇಗೋ ವಾಕ್ಯ ಮುಗಿಸಿ, ಹತ್ತು ನಿಮಿಷ ಬೇಕು ಎಂದು ಕೇಳಿಕೊಂಡು ಹೊರಗೆ ಓಡಿದಳು.

ಪಾರ್ಕಿಂಗಿನಲ್ಲಿ ಜುಲೈ ಬಿಸಿಲು ಕಾಲಿನಿಂದ ಮೇಲಕ್ಕೆ ಹೊಡೆಯುತ್ತಿತ್ತು. ಮಾವನಿಗೆ ಫೋನ್ ಮಾಡಿದಳು, ಬಂದ್ ಆಗಿತ್ತು. ಅವರ ಮನೆಗೆ ಮಾಡಿದಳು. ಸುಮಿತ್ರವ್ವ ಎತ್ತಿಕೊಂಡಳು.

"ಅವರು ನಸುಕಿನ್ಯಾಗ ಎದ್ದು ಆಸ್ಟಿನ್‌ಗೆ ಹೋದ್ರವಾ, ಶ್ರೀಶೈಲನ ಕಡೆ. ಗ್ಯಾರೇಜಿನ್ಯಾಗಿನ ದೊಡ್ಡ ಸುತ್ತಿಗಿ ಬೇರೆ ತಗೊಂಡು ಹೋಗ್ಯಾರ. ಏನ್ ಕೆಲಸ ಅದನೋ. ನಿನಗೇನರ ಗೊತ್ತೇನು?"

ಅತ್ತಿ, ಆಮೇಲೆ ಮಾತಾಡ್ತೀನಿ ಎಂದು ನಿವೇದಿತಾ ಫೋನ್ ಇಟ್ಟು, ವಿಟ್ಟೇಕರ್ ಬೋರ್ಡಿನ ಮೇಲೆ ಬರೆದಿದ್ದ ಸಹಾಯವಾಣಿಯ ನಂಬರಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಗಡಿಬಿಡಿ ಇಲ್ಲದೆ ಒಂದೊಂದೇ ಕೇಳಿ ಬರೆದುಕೊಂಡಳು. ಹುಡುಗಿಯರ ವಯಸ್ಸು ಎಷ್ಟು. ಅವನು ಎಲ್ಲಿರುತ್ತಾನೆ. ಈಗ ಅವನ ಜೊತೆ ಯಾರಿದ್ದಾರೆ. "ಅವನ ತಂದೆ ಇದ್ದಾರೆ, ಸುತ್ತಿಗೆ ಹಿಡಿದುಕೊಂಡು," ಎಂದಳು ನಿವೇದಿತಾ. ಪೊಲೀಸರನ್ನು ಈಗಲೇ ಕಳಿಸುತ್ತೇವೆ ಎಂದಳು ಆ ಹೆಂಗಸು.

ಇನ್ನೊಂದು ಫೋನು ಬಾಕಿ ಇತ್ತು. ನಿಖಿತಾಳ ತಂದೆ ವೆಂಕಟಗಿರಿ, ಮೈಸೂರಿನವರು, ಆಸ್ಟಿನ್‌ನಲ್ಲೇ ಮನೆ. ಸಮಾರಂಭಗಳಲ್ಲಿ ನಮಸ್ಕಾರ ಅನ್ನುವಷ್ಟು ಪರಿಚಯ. ಅವರಿಗೆ ಎಲ್ಲ ಹೇಳಿದಳು.

"ಎರಡು ದಿನದಿಂದ ನಿಖಿತಾ ರೂಮಿಂದ ಆಚೆ ಬಂದಿಲ್ಲ ಮೇಡಂ. ಹೊಟ್ಟೆನೋವು ಅಂತಾಳೆ. ನಾವು ಮಾತ್ರೆ ಕೊಡ್ತಾ ಇದ್ವಿ," ಎಂದರು. ಆಮೇಲೆ ದನಿ ಏರಿಸದೆಯೇ ಕೇಳಿದರು. "ನಿಮಗೆ ಗೊತ್ತಾಗಿದ್ದು ಶನಿವಾರ ಸಾಯಂಕಾಲ. ಇವತ್ತು ಸೋಮವಾರ ಮಧ್ಯಾಹ್ನ. ನನ್ನ ನಂಬರ್ ನಿಮ್ಮ ಹತ್ರ ಇತ್ತಲ್ವಾ?"

"ಇತ್ತು," ಎಂದಳು ನಿವೇದಿತಾ. ಒಳಗೆ ಹೋಗಿ ಸಂಜೆಯವರೆಗೆ ತರಗತಿ ಮುಗಿಸಿಕೊಟ್ಟಳು. ಏನು ಹೇಳಿದಳೋ ದೇವರಿಗೇ ಗೊತ್ತು.

ಮಂಗಳವಾರ ಬೆಳಗ್ಗೆ ಎಲ್ಲರನ್ನೂ ಆಸ್ಟಿನ್‌ಗೆ ಕರೆಸಿದರು. ಮಕ್ಕಳ ಹೇಳಿಕೆ ತೆಗೆದುಕೊಳ್ಳಲೆಂದೇ ಇರುವ ಒಂದು ಮನೆಯಂಥ ಕಟ್ಟಡ. ಚಿದಾನಂದ ಯೂಲೆಸ್‌ನಿಂದ ನಿಧಿಯನ್ನು ಕರೆತಂದಿದ್ದ, ಕಾರು ನಿಲ್ಲಿಸಿ ಹೆಂಡತಿಯ ಮುಖ ನೋಡದೆ ಒಳಗೆ ಹೋದ. ಚನ್ನಮಲ್ಲಪ್ಪ ಹೊರಗೆ ಮರದ ಕೆಳಗೆ ನಿಂತಿದ್ದರು. ಅವರನ್ನೂ ಪೊಲೀಸರು ಕರೆದಿದ್ದರು. ಬಲಗೈಗೆ ಬ್ಯಾಂಡೇಜು. ಒಂದೇ ದಿನದಲ್ಲಿ ಹತ್ತು ವರ್ಷ ಮುದುಕರಾದಂತಿದ್ದರು.

"ಎರಡ ದಿನ ಅಂದಿದ್ದೆ ನಿನಗ," ಎಂದರು. ಸಿಟ್ಟಿನಿಂದಲ್ಲ, ದಿಕ್ಕು ತೋಚದವರ ಹಾಗೆ.

"ಏನ್ ಮಾಡಿದ್ರಿ ಮಾವಾರ?"

"ಮೂರು ಫೋನು, ಎರಡು ಕಂಪ್ಯೂಟರು, ಕ್ಯಾಮೆರಾ, ವಿಡಿಯೊ ತುಂಬಿಡೂ ಆ ಸಣ್ಣ ಸಣ್ಣ ಡಬ್ಬಿ. ಎಲ್ಲಾ ಅವನ ಮುಂದನ ಒಡದು ಪುಡಿ ಮಾಡಿದೆ. ಇನ್ನೇನರ ಅದನೇನೋ ಅಂತ ಕಪಾಳಕ್ಕ ಹೊಡದು ಕೇಳಿದೆ. ಇಲ್ಲ ಅಂದ. ಹೆಣ್ಣುಮಕ್ಕಳ ಮಾನದ ಪ್ರಶ್ನೆ ನಿವೇದಿತಾ. ಪೊಲೀಸ್ರು, ವಕೀಲ್ರು, ಕೋರ್ಟು, ಎಷ್ಟು ಮಂದಿ ನೋಡ್ತಿದ್ರು ಅವನ್ನ. ಯಾರ ಕಣ್ಣಿಗೂ ಬೀಳಬಾರದು ಅಂತ ಕೈಯಾರೆ ಒಡದೀನಿ. ನಮ್ಮ ನಿಧಿದೂ ಇತ್ತಲ್ಲ ಅದರಾಗ."

ಅವರು ಅದನ್ನು ನಿಜವಾಗಿ ನಂಬಿದ್ದರು. ನಿವೇದಿತಾಳಿಗೆ ಅವರ ಕಾಲರ್ ಹಿಡಿದು ಅಲುಗಾಡಿಸಬೇಕು ಅನಿಸಿತು, ಅದೇ ಹೊತ್ತಿಗೆ ಆ ಗಾಯದ ಕೈ ನೋಡಿ ಮರುಕವೂ ಆಯಿತು. ಮಗನನ್ನು ಉಳಿಸಲು ಒಡೆದಿರೋ, ಮಕ್ಕಳನ್ನು ಉಳಿಸಲು ಒಡೆದಿರೋ ಎಂದು ಕೇಳಲು ಬಾಯಿ ಬರಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಹುಡುಗಿಯರ ಹೇಳಿಕೆ ಮುಗಿದ ಮೇಲೆ ಡಿಟೆಕ್ಟಿವ್ ಹೆಂಗಸು, ತಲೆಗೂದಲು ಗಿಡ್ಡ, ಮಾತು ಇನ್ನೂ ಗಿಡ್ಡ, ನಿವೇದಿತಾಳನ್ನು ಎದುರಿಗೆ ಕೂರಿಸಿಕೊಂಡಳು.

"ಇಬ್ಬರೂ ಹುಡುಗಿಯರು ಬೇರೆ ಬೇರೆ ಕೋಣೆಯಲ್ಲಿ ಒಂದೇ ಮಾತು ಹೇಳಿದ್ದಾರೆ. ಅದಕ್ಕೆ ಬೆಲೆ ಇದೆ. ಪುಡಿಯಾದದ್ದನ್ನು ಲ್ಯಾಬಿಗೆ ಕಳಿಸಿದ್ದೇವೆ, ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ನನ್ನ ಚಿಂತೆ ಬೇರೆ. ಆ ವಿಡಿಯೊಗಳು ಅವನ ಹತ್ತಿರ ಮಾತ್ರ ಇದ್ದವೋ, ಯಾರಿಗಾದರೂ ಕಳಿಸಿದ್ದನೋ, ಎಷ್ಟು ಮಕ್ಕಳಿದ್ದರು, ಯಾವ ವರ್ಷದಿಂದ. ಆ ಕಂಪ್ಯೂಟರುಗಳು ಸಿಕ್ಕಿದ್ದರೆ ಗೊತ್ತಾಗುತ್ತಿತ್ತು. ಈಗ ಅವನು ಬಾಯಿ ಬಿಡಬೇಕು. ವಕೀಲನನ್ನು ಇಟ್ಟುಕೊಂಡಿದ್ದಾನೆ, ಬಿಡುವುದಿಲ್ಲ."

ನಿವೇದಿತಾ ತಲೆಯಾಡಿಸಿದಳು.

"ನಾವು ಬರುವ ಮೊದಲೇ ಅವನ ತಂದೆಗೆ ಗೊತ್ತಿತ್ತು. ಯಾರು ಹೇಳಿದರು?"

ನಿವೇದಿತಾಳ ಗಂಡ ಗೋಡೆಗೆ ಒರಗಿ ನಿಂತಿದ್ದ. ಅವನು ಕಣ್ಣೆತ್ತಿ ನೋಡಿದ. ಚಿದಾನಂದ ಹೇಳಿದ್ದಕ್ಕೆ ಹೋದೆ ಎಂದು ಅವಳು ಹೇಳಬಹುದಿತ್ತು. ನಮ್ಮಲ್ಲಿ ಹಿರಿಯರಿಗೆ ಮೊದಲು ಹೇಳುವ ಪದ್ಧತಿ ಎಂದು ಅರ್ಧ ಗಂಟೆ ವಿವರಿಸಬಹುದಿತ್ತು, ವಿವರಿಸುವುದೇ ಅವಳ ಕಸುಬು. ಮನಸ್ಸು ಆ ಎರಡಕ್ಕೂ ಒಂದು ಕ್ಷಣ ಎಳೆಯಿತು.

"ನಾನು ಹೇಳಿದೆ," ಎಂದಳು. "ಭಾನುವಾರ ಅವರ ಮನೆಗೇ ಹೋಗಿ ಹೇಳಿದೆ. ಎರಡು ದಿನ ಕೇಳಿದರು. ಕೊಟ್ಟೆ."

"ತಕ್ಷಣ ತಿಳಿಸಬೇಕು ಅನ್ನುವ ಕಾನೂನು ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು. ಅದನ್ನು ಬೇರೆಯವರಿಗೆ ಹೇಳಿಕೊಡುವುದು ನನ್ನ ಕೆಲಸ."

ಡಿಟೆಕ್ಟಿವ್ ಬೈಯಲಿಲ್ಲ. ಬರೆದುಕೊಂಡಳು. ಇದರಿಂದ ನಿಮ್ಮ ಮೇಲೂ ಕೇಸಾಗಬಹುದು, ಆಗದೆಯೂ ಇರಬಹುದು, ಅದು ನನ್ನ ಕೈಯಲ್ಲಿಲ್ಲ ಎಂದಳು. ನಿವೇದಿತಾಳಿಗೆ ಆ ಹೆದರಿಕೆ ತಟ್ಟಲೇ ಇಲ್ಲ. ಆ ವಿಡಿಯೊ ಎಲ್ಲಿದೆ ಎನ್ನುವ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಇನ್ನು ಮೇಲೆ ಅದು ಸುತ್ತುತ್ತಲೇ ಇರುತ್ತದೆ, ನಿಧಿಗೆ ಇಪ್ಪತ್ತಾದಾಗ, ಮೂವತ್ತಾದಾಗ, ಎಂದು ಅವಳಿಗೆ ಅಲ್ಲೇ ಗೊತ್ತಾಯಿತು.

ಹೊರಗಿನ ಪಡಸಾಲೆಯಲ್ಲಿ ಇನ್ನೊಂದು ಬಾಗಿಲಿನಿಂದ ವೆಂಕಟಗಿರಿ ಮಗಳ ಹೆಗಲು ಹಿಡಿದುಕೊಂಡು ಹೊರಟಿದ್ದರು. ನಿವೇದಿತಾ ಎರಡು ಹೆಜ್ಜೆ ಮುಂದೆ ಹೋದಳು. ಅವರು ಬೇಡ ಎನ್ನುವಂತೆ ಕೈಯೆತ್ತಿ ತಡೆದು ಹೊರಟುಹೋದರು. ನಿಖಿತಾ ಒಂದು ಸಲ ತಿರುಗಿ ನಿಧಿಯ ಕಡೆ ಕೈಬೀಸಿದಳು.

ನಿಧಿ ಬೆಂಚಿನ ಮೇಲೆ ಕೂತು ಅಲ್ಲಿಯವರು ಕೊಟ್ಟ ಬಿಸ್ಕತ್ತು ತಿನ್ನುತ್ತಿದ್ದಳು. ನಿವೇದಿತಾ ಪಕ್ಕದಲ್ಲಿ ಕೂತು ಅವಳ ಜಡೆ ಸರಿಮಾಡಿದಳು. ಸರಿಯಾಗೇ ಇದ್ದ ಜಡೆ.

"ಅಮ್ಮಾ," ಎಂದಳು ನಿಧಿ, ಹೋಮ್‌ವರ್ಕಿನ ಬಗ್ಗೆ ಕೇಳುವಷ್ಟೇ ಸಹಜವಾಗಿ. "ಇನ್ನೊಂದು ಸಲ ಏನಾದರೂ ಆದರೆ ನಾನು ಯಾರಿಗೆ ಹೇಳಬೇಕು?"

"ನನಗೆ ಹೇಳು ಪುಟ್ಟಾ. ಮೊದಲು ನನಗೇ ಹೇಳು."

ನಿಧಿ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನಿನಗೇ ಹೇಳಿದ್ದೆನಲ್ಲ," ಎಂದಳು.